ಮುನ್ನೂರು ಜನರ ಅಡುಗೆ, ನಾಲ್ಕು ತಟ್ಟೆ

ಮಾರ್ಚ್ ೪

ಅತ್ತೆಯವರಿಗೆ,

ಪತ್ರದ ಮೊದಲ ಸಾಲಿನಲ್ಲಿ ‘ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ’ ಎಂದು ಬರೆಯಬೇಕಂತೆ. ಬರೆದೆ, ಆಮೇಲೆ ಹೊಡೆದುಹಾಕಿದೆ. ನಿಮ್ಮ ಕಾಗದ ಬಂದಾಗಿನಿಂದ ನನ್ನ ತಲೆ ಕೆಟ್ಟು ಹೋಗಿದೆ.

ನೀವು ಹೇಳುವುದು ಇಷ್ಟು. ನಿಮ್ಮ ಮಗಳ ಶ್ವಾಸಕೋಶ ಸರಿಯಾಗಿ ಅವಳು ಆಸ್ಪತ್ರೆಯಿಂದ ಹೊರಬರಲು ಈ ವರ್ಷವೆಲ್ಲ ಹಿಡಿಯಬಹುದು. ಅವಳ ಗಿರಣಿಯ ಸಂಬಳ ನಿಂತಿದೆ. ತಕ್ಕಡಿ ರಿಪೇರಿ ಮಾಡುವ ನಾನೊಬ್ಬ ದುಡಿದು, ನಾನೇ ಬೇಯಿಸಿ, ಮೂರು ಮಕ್ಕಳ ಹೊಟ್ಟೆ ತುಂಬಿಸುವುದು ಆಗದ ಮಾತು. ಆದ್ದರಿಂದ ಕಿರಿಯವಳು ಪುಟ್ಟಿಯನ್ನು ನಿಮ್ಮ ಹಿರಿಯ ಮಗಳ ಮನೆಗೆ ಕಳಿಸಿಬಿಡಬೇಕು. ದೊಡ್ಡಮ್ಮನಿಗೆ ಮಕ್ಕಳಿಲ್ಲ, ಮನೆ ತುಂಬ ಕೋಣೆಗಳಿವೆ, ಮಗಳಂತೆ ಸಾಕುತ್ತಾಳೆ. ‘ಒಂದು ಹೊಟ್ಟೆ ಕಡಿಮೆಯಾದರೆ ನಿಮಗೂ ಹಗುರ’ ಎಂದು ಕೊನೆಗೆ ಸೇರಿಸಿದ್ದೀರಿ.

ಅತ್ತೆ, ಪುಟ್ಟಿ ಕುರ್ಚಿಯಲ್ಲ, ಈ ಮನೆಯಲ್ಲಿ ಜಾಗ ಸಾಲದೆಂದು ಆ ಮನೆಯಲ್ಲಿ ಹಾಕಿಡಲು. ಮೂರೂ ಮಕ್ಕಳು ಒಂದೇ ಸೂರಿನಡಿ ಬೆಳೆಯುತ್ತವೆ. ಅವರಮ್ಮ ಗುಣವಾಗಿ ಬಾಗಿಲು ತಟ್ಟಿದಾಗ ತೆಗೆಯಲು ಮೂವರೂ ಓಡಿಬರಬೇಕು. ಇದರಲ್ಲಿ ಚೌಕಾಸಿ ಇಲ್ಲ. ಹೆತ್ತ ತಾಯಿ ಹಾಸಿಗೆ ಹಿಡಿದಿರುವಾಗ ಮಗುವನ್ನು ಎತ್ತಿಕೊಂಡು ಹೋಗುವ ಯೋಚನೆ ನಿಮಗೆ ಹೇಗೆ ಬಂತೋ, ನಿಮ್ಮ ಎದೆ ಕಲ್ಲಾಗಿರಬೇಕು. ಕಟುವಾಯಿತು, ಗೊತ್ತು. ಆದರೂ ಇದನ್ನು ಹೊಡೆದುಹಾಕುವುದಿಲ್ಲ.

ಒಂದು ಮಾತು ಮಾತ್ರ ನಿಜ. ನನಗೆ ಅಡುಗೆ ಬರುವುದಿಲ್ಲ. ಇಲ್ಲಿಯವರೆಗೆ ಮೂಲೆಯ ಹೋಟೆಲಿನಿಂದ ಪೊಟ್ಟಣ ಕಟ್ಟಿಸಿ ತರುತ್ತಿದ್ದೇನೆ. ತಿಂಗಳ ಮೊದಲರ್ಧ ರಾಜರ ಊಟ, ಉಳಿದರ್ಧ ಬ್ರೆಡ್ಡು ಮತ್ತು ನೀರು. ನೀವು ಅವಳಿರುವ ಆ ದೊಡ್ಡಾಸ್ಪತ್ರೆಯ ಅಡುಗೆಮನೆಯ ಯಜಮಾನಿ. ಅಗ್ಗದ ಸಾಮಾನಿನಲ್ಲಿ ರೋಗಿಗಳನ್ನು ಎಬ್ಬಿಸಿ ಕೂರಿಸುವವರು. ಮೊಮ್ಮಗಳನ್ನು ಕೇಳುವ ಬದಲು ಅಡುಗೆ ಹೇಳಿಕೊಡಿ. ಕಲಿತು ತೋರಿಸುತ್ತೇನೆ.

ಕೋಪದಲ್ಲೂ ನಿಮ್ಮ ಅಳಿಯನೇ ಆದ,
ತಕ್ಕಡಿಯವನು


ಮಾರ್ಚ್ ೧೨

ಅಳಿಯಂದಿರಿಗೆ,

ಕಾಗದ ತಲುಪಿತು. ನನ್ನ ಎದೆ ಕಲ್ಲೋ ಬೆಣ್ಣೆಯೋ ಅದು ನನ್ನ ಪಾಡು, ಅದನ್ನು ನೀವು ತೂಗಲು ಬರಬೇಡಿ.

ಜೂನ್ ಕೊನೆಗೆ ನಿಮ್ಮ ಕಡೆಯ ಶಾಲೆಗೆ ದೊಡ್ಡ ರಜೆ ಕೊಡುವವರೆಗೆ ಸುಮ್ಮನಿರುತ್ತೇನೆ. ಆಗ ನಾನೇ ಬಂದು ಕಣ್ಣಾರೆ ನೋಡುತ್ತೇನೆ. ಮಕ್ಕಳು ದುಂಡಗಿದ್ದರೆ ಮಾತಿಲ್ಲ. ಪುಟ್ಟಿ ಒಣಗಿದ್ದರೆ ಅವಳ ಬಟ್ಟೆಬರೆ ಗಂಟು ಕಟ್ಟುವವಳು ನಾನೇ. ದೊಡ್ಡಮ್ಮನಿಗೂ ಹಾಗೇ ಹೇಳಿದ್ದೇನೆ, ಅವಳು ಆಗಲೇ ಮಂಚ ಕೊಂಡು ಕೂತಿದ್ದಾಳೆ.

ಇನ್ನು ಅಡುಗೆ. ನನ್ನದೊಂದು ತೊಂದರೆ ಇದೆ, ಕೇಳಿ. ನಾನು ಈ ಅಡುಗೆಮನೆ ಸೇರಿದ್ದು ಹುಡುಗಿಯಾಗಿದ್ದಾಗ. ನನ್ನ ಮಕ್ಕಳೂ ಇಲ್ಲಿಯ ಪಾತ್ರೆಯಲ್ಲಿ ಉಳಿದಿದ್ದನ್ನು ಉಂಡೇ ಬೆಳೆದರು. ಮನೆಯಲ್ಲಿ ಪ್ರತ್ಯೇಕ ಒಲೆ ಹಚ್ಚಿದ್ದು ಕಡಿಮೆ. ನನ್ನ ಕೈ ಓಡುವುದು ಮುನ್ನೂರು ಜನರ ಲೆಕ್ಕದಲ್ಲಿ. ನಾಲ್ಕು ಜನಕ್ಕೆ ಎಷ್ಟು ಎಂದರೆ ನನಗೆ ದೇವರಾಣೆಗೂ ಗೊತ್ತಿಲ್ಲ. ಭಾಗಿಸಿಕೊಳ್ಳುವುದು ನಿಮಗೆ ಕಷ್ಟವಾಗಬಾರದು, ಕಸುಬೇ ಅದಲ್ಲವೇ.

ವಾರದಲ್ಲಿ ಎರಡು ದಿನ ನಾವು ಮಾಡುವುದು ಬಟಾಣಿ ಗಂಜಿ. ಅಗ್ಗ, ಹೊಟ್ಟೆಗೆ ಭಾರ, ಮೈಗೆ ಹಿಡಿಯುತ್ತದೆ. ಹನ್ನೆರಡು ಕಿಲೋ ಒಣ ಬಟಾಣಿಯನ್ನು ಹಿಂದಿನ ದಿನವೇ ನೆನೆಹಾಕಿ. ಮೂವತ್ತು ಕಿಲೋ ಆಲೂಗಡ್ಡೆ, ಐದು ಕಿಲೋ ಈರುಳ್ಳಿ, ಕೋಸು ಎಷ್ಟು ಸಿಕ್ಕರೆ ಅಷ್ಟು. ಈರುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಅವಸರ ಬೇಡ. ಎಪ್ಪತ್ತೈದು ಲೀಟರ್ ನೀರು. ಬಟಾಣಿ ಬೆರಳಿಗೆ ನುರಿಯುವವರೆಗೆ ಬೇಯಲಿ. ಒಂದು ಕಿಲೋ ಉಪ್ಪು.

ಮಗಳು ಹಾಗೇ ಇದ್ದಾಳೆ. ಮಾತು ಕಡಿಮೆ, ಊಟ ಇನ್ನೂ ಕಡಿಮೆ.

ಇಲ್ಲಿಂದ,
ನಿಮ್ಮ ಅತ್ತೆ


ಮಾರ್ಚ್ ೨೦

ಅತ್ತೆಯವರಿಗೆ,

ನಿಮ್ಮ ಬಟಾಣಿ ಗಂಜಿಯನ್ನು ಮಾಡಿದೆ. ಈಗ ಆ ಪಾತ್ರೆಯನ್ನು ಏನು ಮಾಡಬೇಕೆಂದು ತಿಳಿಸಿ.

ಮುನ್ನೂರನ್ನು ನಾಲ್ಕರಿಂದ ಭಾಗಿಸಿದೆ. ಎಲ್ಲವನ್ನೂ ಎಪ್ಪತ್ತೈದರಲ್ಲಿ ಒಂದು ಪಾಲು ಮಾಡಿ, ಅಕ್ಕಸಾಲಿಗರ ಸಣ್ಣ ತಕ್ಕಡಿಯನ್ನು ಅಂಗಡಿಯಿಂದ ತಂದು ತೂಗಿದೆ. ಬಟಾಣಿ ನೂರ ಅರವತ್ತು ಗ್ರಾಂ. ಉಪ್ಪು ಹದಿಮೂರು ಗ್ರಾಂ, ಮೇಲೆ ಒಂದು ಚೂರು. ಆ ಚೂರಿಗಾಗಿ ಉಪ್ಪಿನ ಹರಳುಗಳನ್ನು ಚಿಮಟಿಗೆಯಲ್ಲಿ ಹಿಡಿದು ಹಾಕಿದೆ. ದೊಡ್ಡವಳು ಬಾಗಿಲಲ್ಲಿ ನಿಂತು ನೋಡಿ, “ಅಪ್ಪಾ, ಇದು ಔಷಧಿನಾ ಊಟಾನಾ?” ಅಂದಳು. ನೀರು ಸರಿಯಾಗಿ ಒಂದು ಲೀಟರ್, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ.

ಬಟಾಣಿ ನುರಿಯುವ ಹೊತ್ತಿಗೆ ನೀರು ಎಲ್ಲಿ ಹೋಯಿತೋ ಕಾಣೆ. ಗಾರೆ ಕಲಸಿಟ್ಟ ಹಾಗೆ ಆಯಿತು. ತಳ ಹಿಡಿದು ಕಪ್ಪಾಗಿ, ಕೆಳಗಿನ ಮನೆಯೊಡತಿ “ಏನ್ರೀ, ಬೆಂಕಿ ಬಿತ್ತಾ?” ಎಂದು ಓಡಿಬಂದರು. ಬಾಯಿಗಿಟ್ಟರೆ ಉಪ್ಪು, ಸಮುದ್ರವೇ ನಾಲಗೆ ಮೇಲೆ ಬಂದಂತೆ. ಗುಂಡ ಎರಡು ತುತ್ತು ತಿಂದು, “ಇದನ್ನ ಗೋಡೆಗೆ ಹಚ್ಚಿದ್ರೆ ಬಿರುಕು ಮುಚ್ಚತ್ತೆ” ಅಂದ. ಹತ್ತು ವರ್ಷದವನು, ನಾಲಗೆ ಮಾತ್ರ ನಿಮ್ಮದೇ. ಪುಟ್ಟಿ ಪಾಪ, ಏನೂ ಹೇಳದೆ ತಿಂದಳು. ಆರು ವರ್ಷದ ಮಗು ಅಷ್ಟು ಒಳ್ಳೆಯದಾಗಿರಬಾರದು, ನೋಡಿದರೆ ಸಂಕಟವಾಗುತ್ತದೆ.

ತಕ್ಕಡಿಯನ್ನು ಮತ್ತೆ ಪರೀಕ್ಷಿಸಿದೆ. ಅದರಲ್ಲಿ ತಪ್ಪಿಲ್ಲ. ನೀವೇನೋ ಮುಚ್ಚಿಟ್ಟಿದ್ದೀರಿ. ನಾನು ಸೋಲಲೆಂದು ಬೇಕೆಂದೇ ಮಾಡಿದ್ದೀರೋ ಏನೋ!

ಪಾತ್ರೆ ಉಜ್ಜುತ್ತ ಕುಳಿತಿರುವ,
ನಿಮ್ಮ ಅಳಿಯ


ಮಾರ್ಚ್ ೨೯

ಅಳಿಯಂದಿರಿಗೆ,

ನಿಮ್ಮ ಕಾಗದವನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆಲೂಗಡ್ಡೆ ಸುಲಿಯುವ ಹೆಂಗಸರು ಚಿಮಟಿಗೆಯ ಮಾತಿಗೆ ಬಿದ್ದೂ ಬಿದ್ದೂ ನಕ್ಕರು. ಬಹಳ ದಿನದ ಮೇಲೆ ನಾನೂ ನಕ್ಕೆ. ಆಮೇಲೆ ಮಗಳ ಮಂಚದ ಪಕ್ಕ ಕೂತು ಅವಳಿಗೂ ಓದಿದೆ. ತುಟಿ ಸ್ವಲ್ಪ ಅಲುಗಿತು. ಅಷ್ಟಕ್ಕೇ ನಿಮಗೆ ಋಣಿ.

ನಾನು ಮುಚ್ಚಿಟ್ಟಿದ್ದು ಏನೂ ಇಲ್ಲ, ಹೊಳೆಯಲೇ ಇಲ್ಲ ಅಷ್ಟೆ. ನನ್ನ ಪಾತ್ರೆಯೊಳಗೆ ಆಳು ಇಳಿದು ಉಜ್ಜುತ್ತಾನೆ. ಅದಕ್ಕೆ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ನಿಮ್ಮ ಪಾತ್ರೆಗೆ ಬರೀ ಬಾಯಿ, ಹೊಟ್ಟೆಯೇ ಇಲ್ಲ. ಹಾಕಿದ್ದೆಲ್ಲ ಆವಿಯಾಗಿ ಹೋಗುತ್ತದೆ. ಉಳಿದ ಸಾಮಾನು ಭಾಗವಾಗುತ್ತದೆ, ನೀರು ಭಾಗವಾಗುವುದಿಲ್ಲ. ನೀರು ಇನ್ನೂ ಅರ್ಧದಷ್ಟು ಜಾಸ್ತಿ ಹಾಕಿ, ಮೇಲೆ ಸರಿಯಾಗಿ ಕೂರುವ ಮುಚ್ಚಳ ಹಾಕಿ. ಉಪ್ಪು ಕೊನೆಗೆ, ಅದೂ ನಾಲಗೆ ಹೇಳಿದಷ್ಟು. ಆ ಅಕ್ಕಸಾಲಿಗರ ತಕ್ಕಡಿಯನ್ನು ತಿರುಗಿ ಅಂಗಡಿಗೆ ಕಳಿಸಿ.

ಇನ್ನೊಂದು ಉಪಾಯ. ನಮ್ಮ ದೊಡ್ಡ ಪಾತ್ರೆ ಒಲೆ ಆರಿಸಿದ ಮೇಲೂ ತಾನೇ ಬೇಯುತ್ತಿರುತ್ತದೆ. ನಿಮ್ಮದು ಆರಿಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಅದು ಚೆನ್ನಾಗಿ ಕುದಿ ಬಂದು ಹತ್ತಿಪ್ಪತ್ತು ನಿಮಿಷವಾದ ಮೇಲೆ, ಮುಚ್ಚಳ ತೆಗೆಯದೆ ಹಳೆಯ ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿ ಮರದ ಪೆಟ್ಟಿಗೆಯೊಳಗಿಟ್ಟುಬಿಡಿ. ನೀವು ಕೆಲಸಕ್ಕೆ ಹೋಗಿ, ಮಕ್ಕಳು ಶಾಲೆಗೆ ಹೋಗಲಿ. ಮಧ್ಯಾಹ್ನದ ಹೊತ್ತಿಗೆ ಮೆತ್ತಗೆ ಬೆಂದಿರುತ್ತದೆ. ಇನ್ನೊಂದು ಕುದಿ ಬರಿಸಿ ಬಡಿಸಿ. ಗ್ಯಾಸೂ ಉಳಿಯಿತು, ತಳ ಹಿಡಿಯುವ ಭಯವೂ ಇಲ್ಲ.

ಮಾರುಕಟ್ಟೆಗೆ ಹೋಗುವುದು ತರಕಾರಿಯವರು ಅಂಗಡಿ ಎತ್ತುವ ಹೊತ್ತಿಗೆ. ಕೋಸಿನ ಹೊರಗಿನ ಎಲೆಯನ್ನು ಅವರು ಕಿತ್ತು ಬಿಸಾಡುತ್ತಾರೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಹುರಿದರೆ ಒಳಗಿನ ಎಲೆಗಿಂತ ರುಚಿ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ. ತರಕಾರಿ ಬೆಂದ ನೀರನ್ನು ಚೆಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಣಗಿದ ಬ್ರೆಡ್ಡನ್ನು ಹಾಲು ನೀರಿನಲ್ಲಿ ನೆನೆಸಿ, ಮೆತ್ತಗೆ ಹಿಂಡಿ, ಒಂದು ಮೊಟ್ಟೆ, ಹೆಚ್ಚಿದ ಈರುಳ್ಳಿ ಸೇರಿಸಿ ತವಾ ಮೇಲೆ ದಪ್ಪಗೆ ತಟ್ಟಿ ಎರಡು ಕಡೆ ಕೆಂಪಗೆ ಮಾಡಿ. ನಾಲ್ಕು ಜನಕ್ಕೆ ಒಂದೇ ಮೊಟ್ಟೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ರಜೆಗೆ ಬರುವುದು ಬರುವುದೇ. ನಗಿಸಿದಿರಿ ಎಂದು ಮಾತು ಬದಲಾಗುವುದಿಲ್ಲ.

ಬಿಸಿ ಪಾತ್ರೆಗಳ ನಡುವಿನಿಂದ,
ಅತ್ತೆ


ಮೇ ೯

ಅತ್ತೆಯವರಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣ ಸೋಮಾರಿತನವಲ್ಲ, ಕೈ ಖಾಲಿ ಇರಲಿಲ್ಲ. ಈಗ ನನ್ನ ಕೈಯಲ್ಲಿ ಯಾವಾಗಲೂ ಈರುಳ್ಳಿ ವಾಸನೆ. ಅಂಗಡಿಗೆ ತಕ್ಕಡಿ ತರುವ ದಿನಸಿಯವನು, “ನೀವು ರಿಪೇರಿ ಮಾಡಿಕೊಟ್ಟ ಮೇಲೆ ನಮ್ಮ ತಕ್ಕಡಿ ಹಸಿವಾಗೋ ಹಾಗೆ ಮಾಡ್ತದೆ” ಅನ್ನುತ್ತಾನೆ.

ಮೂಲೆಯ ಹೋಟೆಲಿನ ಕಡೆ ತಲೆ ಹಾಕದೆ ಎಷ್ಟೋ ದಿನವಾಯಿತು. ಕಳೆದ ತಿಂಗಳ ಕೊನೆಯಲ್ಲಿ ಡಬ್ಬದ ತಳದಲ್ಲಿ ಇನ್ನೂ ಅಕ್ಕಿ ಇತ್ತು. ಅದನ್ನು ನೋಡುತ್ತ ಸುಮ್ಮನೆ ನಿಂತಿದ್ದೆ, ನಿಂತಲ್ಲೇ ನಿಮ್ಮನ್ನು ನೆನೆದೆ. ಕಂಬಳಿಯ ಉಪಾಯಕ್ಕಂತೂ ನಿಮಗೆ ಎಷ್ಟು ಹೇಳಿದರೂ ಕಡಿಮೆ. ಪಾತ್ರೆಯನ್ನು ಮಲಗಿಸುವುದು ಪುಟ್ಟಿಯ ಕೆಲಸ. ಕಂಬಳಿ ಹೊದಿಸಿ, ಪೆಟ್ಟಿಗೆ ಮುಚ್ಚಿ, “ಯಾರೂ ಸದ್ದು ಮಾಡ್ಬೇಡಿ, ಬಟಾಣಿ ಮಲ್ಗಿದೆ” ಎಂದು ಅಣ್ಣನಿಗೆ ಗದರುತ್ತಾಳೆ. ಬ್ರೆಡ್ಡಿನ ದಪ್ಪ ದೋಸೆಯಂಥದ್ದನ್ನು ದೊಡ್ಡವಳು ನನಗಿಂತ ಚೆನ್ನಾಗಿ ಮಗುಚುತ್ತಾಳೆ. ಕೋಸಿನ ದಂಟನ್ನು ಗುಂಡ ಕದ್ದು ಹಸಿಯಾಗಿಯೇ ತಿನ್ನುತ್ತಾನೆ.

ಬಡಿಸುವುದರಲ್ಲೂ ನಾನು ಬಹಳ ನ್ಯಾಯವಾಗಿದ್ದೇನೆ. ಅಕ್ಕಸಾಲಿಗರ ತಕ್ಕಡಿ ಕಳಿಸಿಬಿಟ್ಟೆ, ಆದರೆ ಅಡುಗೆಮನೆಯ ತಕ್ಕಡಿ ಇದೆ. ಪ್ರತಿಯೊಂದು ತಟ್ಟೆಯನ್ನೂ ತೂಗಿ ಸಮವಾಗಿ ಹಂಚುತ್ತೇನೆ. ಯಾರಿಗೆ ಹೆಚ್ಚು ಯಾರಿಗೆ ಕಡಿಮೆ ಎಂಬ ಜಗಳವೇ ಇಲ್ಲ. ಪಾತ್ರೆ ಅಲ್ಲಿಗೆ ಖಾಲಿ.

ಈಗ ಮುಖ್ಯ ವಿಷಯ. ಮೂವರನ್ನೂ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದೆ. ದೊಡ್ಡವಳು ಏರಿದ್ದಾಳೆ. ಗುಂಡ ಬಹಳ ಏರಿದ್ದಾನೆ. ಪುಟ್ಟಿ ಇಳಿದಿದ್ದಾಳೆ. ಸ್ವಲ್ಪವಲ್ಲ, ಕಾಣುವಷ್ಟು. ಮೊದಲು ತಕ್ಕಡಿಯ ಮೇಲೆ ಅನುಮಾನ ಬಂತು, ಬಿಚ್ಚಿ ಜೋಡಿಸಿ ಮತ್ತೆ ತೂಗಿದೆ. ಅದೇ ತೂಕ. ಜ್ವರವಿಲ್ಲ, ಕೆಮ್ಮಿಲ್ಲ, ಡಾಕ್ಟರಿಗೂ ತೋರಿಸಿದೆ, ಕಾಯಿಲೆ ಏನೂ ಇಲ್ಲ ಎಂದರು. ಎಲ್ಲರಷ್ಟೇ ಬಡಿಸುತ್ತೇನೆ, ತಟ್ಟೆ ಖಾಲಿಯಾಗುತ್ತದೆ, ಮಗು ಮಾತ್ರ ಕರಗುತ್ತಿದೆ.

ಇದನ್ನು ನಿಮಗೆ ಬರೆಯದೆ ಇರಬಹುದಿತ್ತು. ಬರೆದರೆ ಏನಾಗುತ್ತದೆ ಎಂದೂ ಗೊತ್ತು. ಆದರೆ ತಕ್ಕಡಿಯ ಮುಳ್ಳನ್ನು ಬೆರಳಿನಿಂದ ತಳ್ಳುವ ಅಭ್ಯಾಸ ನನಗಿಲ್ಲ. ಭಯವಾಗುತ್ತಿದೆ ಅತ್ತೆ. ಎಲ್ಲಿ ತಪ್ಪುತ್ತಿದ್ದೇನೆ ಹೇಳಿ.

ಅಳಿಯ


ಮೇ ೧೭

ಅಳಿಯಂದಿರಿಗೆ,

ತೂಕದ ವಿಷಯ ಮುಚ್ಚಿಡದೆ ಬರೆದಿರಿ. ಅದಕ್ಕೆ ಸಿಟ್ಟು ಮಾಡುವಷ್ಟು ಕೆಟ್ಟವಳಲ್ಲ ನಾನು. ನಿಮ್ಮ ಮೇಲೆ ನನಗಿದ್ದ ನಂಬಿಕೆ ಒಂದು ಮೆಟ್ಟಿಲು ಮೇಲೆ ಹತ್ತಿತು ಎಂದೇ ಇಟ್ಟುಕೊಳ್ಳಿ.

ನಿಮ್ಮ ತಪ್ಪು ಅಡುಗೆಯದಲ್ಲ, ಬಡಿಸುವುದರದು. ತೂಗಿ ಹಂಚುವುದು ದಿನಸಿ ಅಂಗಡಿಯಲ್ಲಿ ಸರಿ, ಊಟದ ಮೇಜಿನ ಮೇಲೆ ಅಲ್ಲ. ತಕ್ಕಡಿ ಕಂಡ ಕೂಡಲೇ ಮಗುವಿಗೆ ಮನೆಯಲ್ಲಿ ಇರುವುದು ಇಷ್ಟೇ ಎಂದು ತಿಳಿಯುತ್ತದೆ. ದೊಡ್ಡವರಿಗೂ ಹಾಗೆಯೇ. ನಮ್ಮಲ್ಲಿ ಹಿಂದೊಬ್ಬ ಮೇಲ್ವಿಚಾರಕ ಬಂದಿದ್ದ, ಪೋಲಾಗಬಾರದೆಂದು ಒಂದೇ ಸಲ ಅಳೆದು ಹಾಕಿಸಿದ. ರೋಗಿಗಳು ಅರ್ಧ ತಿಂದು ಬಿಡತೊಡಗಿದರು. ಅಷ್ಟೇ ಅಡುಗೆಯನ್ನು ನಾನು ಎರಡು ಸಲ ಬಡಿಸಿದೆ. ಮೊದಲು ಸ್ವಲ್ಪ. ಆಮೇಲೆ ಪಾತ್ರೆ ಹಿಡಿದು ಮತ್ತೊಂದು ಸುತ್ತು, “ಇನ್ನೂ ಇದೆ, ಹಾಕಲಾ?” ಎಂದು. ತಟ್ಟೆಗಳು ತೊಳೆದಿಟ್ಟ ಹಾಗೆ ಖಾಲಿಯಾದವು. ಪಾತ್ರೆಯ ತಳ ಮಾತ್ರ ಯಾರಿಗೂ ಕಾಣಿಸಬಾರದು. ಬಡಿಸಿದ ಕೂಡಲೇ ಮುಚ್ಚಳ.

ಅಡುಗೆ ಹೆಚ್ಚು ಮಾಡಬೇಕಾಗಿಲ್ಲ. ಇರುವುದನ್ನೇ ಎರಡು ಪಾಲು ಮಾಡಿ. ಮತ್ತೆ, ಪುಟ್ಟಿ ಊಟ ಮಾಡುವಾಗ ನೀವು ಅವಳ ತಟ್ಟೆ ನೋಡಬೇಡಿ, ಕೈ ನೋಡಿ. ಎಲ್ಲಿಗೆ ಹೋಗುತ್ತದೆ ಎಂದು.

ಜೂನ್ ಕೊನೆಯ ವಾರಕ್ಕೆ ಟಿಕೆಟ್ ತೆಗೆಸಿದ್ದೇನೆ.

ಅತ್ತೆ


ಜೂನ್ ೩

ಅತ್ತೆಯವರಿಗೆ,

ಕೈ ನೋಡಿದೆ. ಕೈ ಗುಂಡನ ತಟ್ಟೆಗೆ ಹೋಗುತ್ತಿತ್ತು.

ನಾನು ನೀರು ತರಲು ಎದ್ದಾಗಲೆಲ್ಲ ಅವಳು ತನ್ನ ಪಾಲಿನ ಅರ್ಧವನ್ನು ಅಣ್ಣನ ತಟ್ಟೆಗೆ ಸರಿಸುತ್ತಿದ್ದಳು. ಆ ಹೊಟ್ಟೆಬಾಕ ಯಾಕೆಂದು ಕೂಡ ಕೇಳದೆ ನುಂಗುತ್ತಿದ್ದ. ಪಕ್ಕಕ್ಕೆ ಕರೆದು ತೊಡೆ ಮೇಲೆ ಕೂರಿಸಿಕೊಂಡು ಕೇಳಿದೆ.

“ಯಾಕಮ್ಮಾ, ಊಟ ಸೇರಲ್ವಾ?”

“ಸೇರತ್ತೆ.”

“ಮತ್ತೆ ಅವನಿಗ್ಯಾಕೆ ಹಾಕ್ತೀಯ?”

ನನ್ನ ಅಂಗಿಯ ಗುಂಡಿ ತಿರುಗಿಸಿದಳು. ಆಮೇಲೆ ಹೇಳಿದಳು: “ಒಂದು ಹೊಟ್ಟೆ ಕಮ್ಮಿ ಆಗ್ಬೇಕಂತಲ್ಲಪ್ಪ. ನನ್ನ ಹೊಟ್ಟೆ ಚಿಕ್ಕದು. ಕಳ್ಸೋದಾದ್ರೆ ದೊಡ್ಡ ಹೊಟ್ಟೆಯವರನ್ನ ತಾನೇ ಕಳ್ಸೋದು? ಗುಂಡಣ್ಣಂದು ದೊಡ್ಡದಾಗ್ಲಿ ಅಂತ.”

ಮಾರ್ಚಿನಲ್ಲಿ ನಿಮ್ಮ ಮೊದಲ ಕಾಗದವನ್ನು ನಾನು ಸಿಟ್ಟಿನಲ್ಲಿ ದೊಡ್ಡವಳಿಗೆ ಗಟ್ಟಿಯಾಗಿ ಓದಿ ಹೇಳಿದ್ದೆ. ಇವಳು ಬಾಗಿಲ ಹಿಂದೆ ಇದ್ದಿರಬೇಕು. ಅಂದಿನಿಂದ ಈ ಮಗು ಮನೆಯಲ್ಲಿ ಉಳಿಯುವುದಕ್ಕಾಗಿ ಉಪವಾಸ ಮಾಡುತ್ತಿದೆ ಅತ್ತೆ. ಅವಳು ಕಡಿಮೆ ತಿಂದಷ್ಟೂ ನೀವು ಅವಳನ್ನು ಕರೆದೊಯ್ಯುವ ದಿನ ಹತ್ತಿರವಾಗುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ? ಅಳು ಬಂತು, ಅತ್ತೆ. ಅವಳೇ ನನ್ನ ಕಣ್ಣು ಒರೆಸಿ, “ನಾಳೆಯಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಿಂತೀನಿ” ಎಂದು ಸಮಾಧಾನ ಮಾಡಿದಳು.

ತಕ್ಕಡಿ ಈಗ ಅಟ್ಟದ ಮೇಲಿದೆ. ನೀವು ಹೇಳಿದಂತೆ ಎರಡು ಸಲ ಬಡಿಸುತ್ತೇನೆ. ಮೊದಲ ದಿನ ಎರಡನೇ ಸುತ್ತಿಗೆ ಪಾತ್ರೆ ಹಿಡಿದು ಬಂದಾಗ ಪುಟ್ಟಿ ಮುಚ್ಚಳವನ್ನೇ ನೋಡುತ್ತಿದ್ದಳು. “ಇನ್ನೂ ಇದ್ಯಾ?” ಅಂದಳು. “ಇದೆ” ಅಂದೆ. “ಎಲ್ಲರಿಗೂ?” ಅಂದಳು. “ಎಲ್ಲರಿಗೂ” ಅಂದೆ. ತಟ್ಟೆ ಮುಂದೆ ಹಿಡಿದಳು.

ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಆ ಮಾತು ಈಗ ನಿಮ್ಮ ಕೈಯಲ್ಲಿದೆ. ಕೋಪದಿಂದ ಬರೆಯುತ್ತಿಲ್ಲ, ಕೈ ಮುಗಿದು ಬರೆಯುತ್ತಿದ್ದೇನೆ.

ನಿಮ್ಮ ಅಳಿಯ


ಜುಲೈ ೨

ಅಳಿಯಂದಿರಿಗೆ,

ಊರು ಮುಟ್ಟಿದೆ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಖಾಲಿ ಚೀಲ. ಪುಟ್ಟಿಯ ಬಟ್ಟೆಗೆಂದು ತಂದಿದ್ದ ಚೀಲ ಅದು, ನೀವು ನೋಡಿಯೂ ನೋಡದ ಹಾಗೆ ಇದ್ದಿರಿ.

ನಿಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಆ ದಿನ ಬಡಿಸಲು ನಾನು ಎದ್ದಾಗ ಪುಟ್ಟಿ ನನ್ನ ಸೆರಗು ಹಿಡಿದು, “ಅಜ್ಜಿ, ನೀನು ಕೂತ್ಕೋ. ಬಡ್ಸೋದು ನಮ್ಮ ಕೆಲ್ಸ” ಅಂದಳಲ್ಲ, ನನಗೆ ಕೂರಲು ಗೊತ್ತಾಗಲಿಲ್ಲ. ಜನ್ಮವೆಲ್ಲ ನಿಂತೇ ಉಂಡವಳು ನಾನು. ಎಲ್ಲರದ್ದೂ ಆದ ಮೇಲೆ, ಪಾತ್ರೆಗೆ ಒರಗಿ, ಸೌಟಿನಲ್ಲೇ. ಆ ಮಗು ನನ್ನ ತಟ್ಟೆಗೆ ಗಂಜಿ ಹಾಕಿತು. ನಾನು ಉಂಡೆ. ಮತ್ತೆ ಬಂದು, “ಇನ್ನೂ ಇದೆ ಅಜ್ಜಿ, ಹಾಕ್ಲಾ?” ಅಂದಿತು. ಎಷ್ಟು ಸಾವಿರ ಜನರನ್ನು ನಾನು ಹಾಗೆ ಕೇಳಿದ್ದೇನೋ. ನನ್ನನ್ನು ಯಾರೂ ಕೇಳಿರಲಿಲ್ಲ. ಕೈ ತೊಳೆಯುವ ನೆವದಲ್ಲಿ ಎದ್ದು ಹೋಗಿ ಅಷ್ಟು ಹೊತ್ತು ನಲ್ಲಿ ಬಿಟ್ಟಿದ್ದು ಅದಕ್ಕೇ. ನೀರು ಪೋಲು ಮಾಡಿದೆ ಎಂದು ಗುಂಡ ಬೈದ, ಸರಿಯಾಗಿಯೇ ಬೈದ.

ಅಡುಗೆಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಈರುಳ್ಳಿಯನ್ನು ಇನ್ನೂ ಕೆಂಪು ಮಾಡಬೇಕು, ನೀವು ಅವಸರದವರು. ಕೋಸು ಒಂದು ಪಟ್ಟು ಹೆಚ್ಚೇ ಬೆಂದಿತ್ತು. ಆದರೆ ನನಗೆ ಹೊಟ್ಟೆ ತುಂಬಿತು. ಪುಟ್ಟಿಯ ಕೆನ್ನೆ ಹಿಂಡಿದರೆ ಕೈಗೆ ಸಿಗುತ್ತದೆ. ಅದಕ್ಕಿಂತ ಬೇರೆ ತಕ್ಕಡಿ ನನಗೆ ಬೇಡ.

ದೊಡ್ಡಮ್ಮನಿಗೆ ಹೇಳಿಬಿಟ್ಟೆ. ಮೊದಲು ಮುನಿಸಿಕೊಂಡಳು, ಆಮೇಲೆ ರಜೆಗೆ ಮೂವರೂ ಬಂದು ಆ ಮಂಚದ ಮೇಲೆ ಕುಣಿಯಲಿ ಎಂದಳು. ಒಳ್ಳೆಯವಳೇ.

ಮಗಳಿಗೂ ಎಲ್ಲ ಹೇಳಿದೆ. ಕಂಬಳಿ, ಬಟಾಣಿ, ಗುಂಡನ ತಟ್ಟೆ, ಎಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನೀವೊಮ್ಮೆ ಬಂದು ಹೋಗಿ. ಅವಳಿಗೆ ನಿಮ್ಮ ಹತ್ತಿರ ಏನೋ ಮಾತಾಡುವುದಿದೆ.

ನಿಮ್ಮ ಮನೆಯ ಊಟ ಉಂಡ,
ಅತ್ತೆ


ಆಗಸ್ಟ್ ೧೪

ಅತ್ತೆಯವರಿಗೆ,

ನಾನು ಆಸ್ಪತ್ರೆಗೆ ಬಂದ ದಿನ ನೀವು ಎದುರಿಗೇ ಬರಲಿಲ್ಲ. ಕೆಲಸ ಇದೆ ಎಂದು ಹೇಳಿ ಕಳಿಸಿದಿರಿ. ಯಾಕೆಂದು ಈಗ ಗೊತ್ತಾಯಿತು.

ಜಗಲಿಯ ಬೆಂಚಿನ ಮೇಲೆ ನಾನು, ಕಿಟಕಿಯ ಆಚೆ ಅವಳು. ಕಾಯಿಲೆ ಅಂಟದಿರಲೆಂದು ಮುಖಕ್ಕೆ ಬಟ್ಟೆ ಕಟ್ಟಿದ್ದಳು, ಆದರೂ ಕಣ್ಣುಗಳಲ್ಲಿ ಬೆಳಕು ಬಂದಿದೆ. ಮಕ್ಕಳ ಸುದ್ದಿಯೆಲ್ಲ ಕೇಳಿದಳು. ಆಮೇಲೆ, “ಅಮ್ಮ ಅಲ್ಲ ರೀ. ನಾನು” ಅಂದಳು.

“ಏನು ನೀನು?”

“ಪುಟ್ಟಿನ ಅಕ್ಕನ ಮನೆಗೆ ಕಳ್ಸು ಅಂತ ಹೇಳಿದ್ದು. ನಾನು ಉಳಿಯಲ್ಲ ಅನ್ಸಿತ್ತು. ನಿಮ್ಮ ಕೈಲಿ ಮೂರು ಮಕ್ಳನ್ನ ಸಾಕೋಕೆ ಆಗಲ್ಲ ಅನ್ಸಿತ್ತು. ಅಮ್ಮನ ಕಾಲು ಹಿಡ್ಕೊಂಡು ಬರೆಸಿದೆ. ಅವಳು ತನ್ನ ಮಾತು ಅಂತ ಬರೆದ್ಲು. ನನ್ನ ಹೆಸರು ಎತ್ತಲೇ ಇಲ್ಲ.”

ಮೊದಲು ನನಗೆ ಕಿಟಕಿಯ ಸರಳು ಕೂಡ ಸರಿಯಾಗಿ ಕಾಣಲಿಲ್ಲ. ಇವಳಿಗೆ ನನ್ನ ಮೇಲೆ ಇಷ್ಟೂ ನಂಬಿಕೆ ಇರಲಿಲ್ಲವೇ ಎನಿಸಿತು. ಈ ಮಾತು ಮಾರ್ಚಿನಲ್ಲಿ ನನ್ನ ಕಿವಿಗೆ ಬಿದ್ದಿದ್ದರೆ ನಾನು ಅಲ್ಲೇ ಕುಸಿದು ಕೂರುತ್ತಿದ್ದೆ, ಅದಂತೂ ನಿಜ. ಈಗ ಕೇಳಿದಾಗ ಕೈಯಲ್ಲಿ ಡಬ್ಬಿ ಇತ್ತು. ಮನೆಯಿಂದ ಬ್ರೆಡ್ಡು ಮೊಟ್ಟೆಯದು ಮಾಡಿ ತಂದಿದ್ದೆ, ದೊಡ್ಡವಳು ಮಗುಚಿದ್ದು. “ಆಗತ್ತೆ ಕಣೆ, ನೋಡು” ಎಂದು ಮುಚ್ಚಳ ತೆಗೆದು ತೋರಿಸಿದೆ. ನರ್ಸಮ್ಮ ಒಳಗೆ ತೆಗೆದುಕೊಂಡು ಹೋಗಿ ಕೊಟ್ಟರು. ನಾನು ಅತ್ತ ತಿರುಗಿ ಕೂತೆ, ಅವಳು ಬಟ್ಟೆ ಸರಿಸಿ ಅಷ್ಟನ್ನೂ ತಿಂದಳು. ತಿನ್ನುತ್ತ ಅಳುತ್ತಿದ್ದಳು, ಅಳುತ್ತ ತಿನ್ನುತ್ತಿದ್ದಳು, ಕಿವಿಗೆ ಬೀಳುತ್ತಿತ್ತು.

ಅತ್ತೆ, ನಿಮ್ಮ ಎದೆಯನ್ನು ಕಲ್ಲು ಎಂದೆ. ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಬೈಗುಳ ನಿಮ್ಮ ಮೇಲೆ ಬೀಳುತ್ತಿರಲಿಲ್ಲ. ಐದು ತಿಂಗಳು ನನ್ನ ಸಿಟ್ಟನ್ನು ತಿಂದುಕೊಂಡು, ಅದೇ ಕೈಯಿಂದ ನನಗೆ ಅಡುಗೆ ಕಲಿಸಿದಿರಿ. ಅದಕ್ಕೆ ಕೃತಜ್ಞತೆ ಎಂಬ ಪದ ಸಾಲುವುದಿಲ್ಲ, ಬೇರೆ ಪದ ನನಗೆ ಗೊತ್ತಿಲ್ಲ. ನನ್ನ ಮೂರು ಮಕ್ಕಳು ಇವತ್ತು ಒಂದು ಮೇಜಿನ ಸುತ್ತ ಕೂತಿದ್ದರೆ ಅದು ನಿಮ್ಮಿಂದ. ಮಾರ್ಚಿನ ನನ್ನ ಆ ಕಾಗದವನ್ನು ದಯವಿಟ್ಟು ಹರಿದುಹಾಕಿ.

ತಲೆ ತಗ್ಗಿಸಿ,
ನಿಮ್ಮ ಅಳಿಯ


ಆಗಸ್ಟ್ ೨೨

ಅಳಿಯಂದಿರಿಗೆ,

ತಲೆ ಎತ್ತಿ. ತಲೆ ತಗ್ಗಿಸಿದರೆ ಒಲೆಯ ಹೊಗೆ ಕಣ್ಣಿಗೆ ಬಡಿಯುತ್ತದೆ.

ಹರಿಯುವುದಿಲ್ಲ. ಮಗಳು ಅಂದು ಹೇಳಿದ್ದು ಕಾಯಿಲೆಯ ಮಾತು. ಆದರೆ ಹೆಂಡತಿಯೇ ನಂಬಿಲ್ಲ ಎಂದು ತಿಳಿದ ಗಂಡಸು ಯಾವ ಮುಖ ಇಟ್ಟುಕೊಂಡು ಒಲೆ ಹಚ್ಚುತ್ತಾನೆ? ಅತ್ತೆಯ ಮೇಲಿನ ಹಟಕ್ಕಾದರೆ ಹಚ್ಚುತ್ತಾನೆ. ಅವಳ ಹೆಸರು ಎತ್ತದೆ ನಾನು ಲೆಕ್ಕ ಹಾಕಿದ್ದು ಅಷ್ಟೆ. ಆದರೂ ಒಳಗೊಳಗೆ ಹೆದರಿದ್ದೆ. ‘ಸರಿ ಅತ್ತೆ, ಕರೆದುಕೊಂಡು ಹೋಗಿ’ ಎಂದು ನೀವು ಬರೆದುಬಿಟ್ಟರೆ ಏನು ಗತಿ ಎಂದು. ನಿಮ್ಮ ಕಾಗದ ಬಂತು, ಮೈಮೇಲೆ ಬಿದ್ದ ಹಾಗೆ ಬೈದಿದ್ದಿರಿ. ಓದಿ ನೆಮ್ಮದಿಯ ಉಸಿರು ಬಿಟ್ಟೆ. ಅಷ್ಟು ಒಳ್ಳೆಯ ಬೈಗುಳವನ್ನು ಯಾರಾದರೂ ಹರಿಯುತ್ತಾರೆಯೇ?

ಕಲಿಸಿದ್ದು ನಾನಿರಬಹುದು. ದಿನಾ ಎದ್ದು ಮಾಡಿದ್ದು ನೀವು. ನನ್ನ ಮಗಳು ಈ ಮಂಚದಿಂದ ಏಳುತ್ತಿರುವುದು ಔಷಧಿಯಿಂದ ಎಷ್ಟೋ, ಮನೆಯಲ್ಲಿ ಊಟ ನಡೆಯುತ್ತಿದೆ ಎಂಬ ಸುದ್ದಿಯಿಂದಲೂ ಅಷ್ಟೇ. ತಾಯಿಯಾಗಿ ಇದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಅತ್ತೆ ಅಳಿಯನಿಗೆ ಕೈ ಮುಗಿಯುವುದುಂಟೇ ಎನ್ನಬೇಡಿ, ಮುಗಿದಾಗಿದೆ.

ಡಾಕ್ಟರು ಮುಂದಿನ ತಿಂಗಳು ಮನೆಗೆ ಕಳಿಸುತ್ತಾರಂತೆ. ಅವಳಿಂದ ಇನ್ನು ಯಾರಿಗೂ ಅಂಟುವುದಿಲ್ಲ, ಮಕ್ಕಳನ್ನು ಅಪ್ಪಿಕೊಳ್ಳಬಹುದು ಎಂದಿದ್ದಾರೆ. ಆ ಮಾತು ಕೇಳಿದಾಗಿನಿಂದ ಅವಳ ಕಾಲು ನೆಲದ ಮೇಲಿಲ್ಲ. ನಿನ್ನೆ ನಾನು ಅವಳ ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದ ಹಾಗೆ, “ಅಮ್ಮಾ, ನಾನು ಮನೆಗೆ ಹೋದ್ಮೇಲೆ ಅವರು ಅಡುಗೆ ಮಾಡೋದು ನಿಲ್ಲಿಸಿಬಿಡ್ತಾರಾ?” ಅಂದಳು.

ಗೊತ್ತಿಲ್ಲ, ಕೇಳಿ ಬರೆಯುತ್ತೇನೆ ಎಂದೆ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ನಿಲ್ಲಿಸಬೇಡಿ.

ನಿಮ್ಮ ಅತ್ತೆ